ಟ್ರೈಲರ್ ಆರಿಸುವ ಮೊದಲು ಪಿಕಪ್‌ನ ಬಾಗಿಲು ತೆರೆದು ನೋಡಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಬೇಸಿಗೆ ರಜೆ ಹತ್ತಿರ ಬಂದಾಗ ಒಂದು ಆಸೆ ಹುಟ್ಟುತ್ತದೆ. ಮನೆಯಲ್ಲಿ ಪಿಕಪ್ ಟ್ರಕ್ ಹೇಗೂ ಇದೆ. ಅದರ ಹಿಂದೆ ಒಂದು ಟ್ರಾವೆಲ್ ಟ್ರೈಲರ್ ಕಟ್ಟಿಕೊಂಡರೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಜೊತೆಗೇ ಬರುತ್ತವೆ. ಯೊಸೆಮಿಟಿಯಲ್ಲೋ ಯೆಲ್ಲೋಸ್ಟೋನ್‌ನಲ್ಲೋ ಮರದ ಕೆಳಗೆ ಕೂತು ಅನ್ನ-ಸಾರು ಉಣ್ಣಬಹುದು. ಹೋಟೆಲ್ ಬಾಡಿಗೆಯೂ ಉಳಿಯುತ್ತದೆ ಅಂತ ಮನೆಯವರನ್ನು ಒಪ್ಪಿಸುತ್ತೇವೆ. ಉಳಿಯುವುದಿಲ್ಲ, ಆ ಮಾತು ಬೇರೆ.

ನಮ್ಮದು ಹಾಫ್ ಟನ್ ಪಿಕಪ್. ಅರ್ಧ ಟನ್ ಅನ್ನುವುದು ಗುಂಪಿನ ಹೆಸರಷ್ಟೇ, ತೂಕದ ಮಿತಿಯಲ್ಲ. ಫೋರ್ಡ್ ಎಫ್-150, ರ‍್ಯಾಮ್ 1500, ಸಿಲ್ವೆರಾಡೊ 1500 ಎಲ್ಲ ಇದೇ ಗುಂಪಿನವು. ಜಾಹೀರಾತಿನ ಪ್ರಕಾರ ನಮ್ಮ ಗಾಡಿ 9,000 ಪೌಂಡ್ ಎಳೆಯುತ್ತದೆ, ಅಂದರೆ ನಾಲ್ಕು ಟನ್‌ಗೂ ಜಾಸ್ತಿ. ಡೀಲರ್ ಬಳಿ ಹೋದಾಗ ಸೇಲ್ಸ್‌ಮನ್ ಟ್ರಕ್ಕಿನ ಮಾಡೆಲ್ ಒಂದನ್ನೇ ಕೇಳಿದ. ಮನೆಯಲ್ಲಿ ಎಷ್ಟು ಜನ ಅಂತ ಕೇಳಲಿಲ್ಲ. ತುಂಬಿದಾಗ 6,800 ಪೌಂಡ್ ತೂಗುವ, 28 ಅಡಿಯ ಟ್ರೈಲರ್ ತೋರಿಸಿ, ನಿಮ್ಮ ಟ್ರಕ್ಕಿಗೆ ಇದು ಲೆಕ್ಕಕ್ಕೇ ಇಲ್ಲ ಅಂದ. ಪುಣ್ಯಕ್ಕೆ ನನ್ನ ಹೆಂಡತಿ ಮೊದಲು ಅಂಥದ್ದೇ ಒಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ತಗೊಂಡು ನೋಡೋಣ ಅಂದಳು.

ಲಾಸ್ ಏಂಜಲೀಸ್ ಕಡೆಯಿಂದ ಉತ್ತರಕ್ಕೆ ಹೊರಟರೆ ಟೆಹೋನ್ ಪಾಸ್ ಎಂಬ ಘಾಟಿ ಸಿಗುತ್ತದೆ. ಅದರ ಇಳಿಜಾರಿನಲ್ಲಿ 62 ಮೈಲಿ ವೇಗದಲ್ಲಿದ್ದೆ. ಟ್ರೈಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಮಿತಿ 55. ತಪ್ಪು ನನ್ನದೇ. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಬುಸ್ ಅಂತ ದಾಟಿತು. ಹಿಂದಿನ ಟ್ರೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸತೊಡಗಿತು. ಕನ್ನಡಿಯಲ್ಲಿ ಅದರ ಬಿಳಿ ಗೋಡೆ ಒಂದು ಸಲ ಕಾಣುತ್ತದೆ, ಮರುಕ್ಷಣ ಇಲ್ಲ. ಹೇಗೋ ವೇಗ ಇಳಿಸಿ ಬದಿಗೆ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಅಮ್ಮ ಕೆಳಗಿಳಿದು ಟ್ರೈಲರ್ ಸುತ್ತ ಒಂದು ಸುತ್ತು ಹಾಕಿ ಬಂದರು. ಹಿಂದಿನ ಬಂಪರ್ ಮೇಲೆ ನಾಲ್ಕು ಸೈಕಲ್. ಹಿಂಭಾಗದ ಬಂಕ್ ಹಾಸಿಗೆಯ ಕೆಳಗೆ ಅಕ್ಕಿ ಮೂಟೆ, ನೀರಿನ ಕ್ಯಾನ್. "ಹಿಂದ್ಗಡೆ ಇಷ್ಟು ಹೇರಿದ್ರೆ ಮೂಕಿ ಮೇಲೇಳಲ್ವೇನೋ?" ಅಂದರು. ಅಪ್ಪನ ಮನೆಯಲ್ಲಿ ಎತ್ತಿನ ಗಾಡಿ ಕಂಡು ಬೆಳೆದವರು ಅವರು. ಮೂಕಿ ಅಂದರೆ ಗಾಡಿಯಿಂದ ನೊಗದವರೆಗೆ ಮುಂದಕ್ಕೆ ಚಾಚಿದ ಮರ. ಟ್ರೈಲರ್ ಆರಿಸುವ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲೇ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಮೊದಲ ಕೆಲಸ: ಮೂಕಿ ಭಾರ ಏನೆಂದು ತಿಳಿಯಿರಿ

ಗಾಡಿಯ ಹಿಂದೆ ಹೊರೆ ಜಾಸ್ತಿಯಾದರೆ ಮೂಕಿ ಎದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ನೊಗ ಹೆಗಲನ್ನು ಒತ್ತುತ್ತದೆ. ಟ್ರೈಲರ್‌ದೂ ಇದೇ ಕಥೆ. ಅದರ ಮೂತಿ ಟ್ರಕ್ಕಿನ ಹಿಚ್, ಅಂದರೆ ಟ್ರೈಲರ್ ಕಟ್ಟುವ ಕೊಂಡಿಯ ಮೇಲೆ ಊರುವ ಭಾರಕ್ಕೆ ಇಲ್ಲಿ 'ಟಂಗ್ ವೇಟ್' ಅನ್ನುತ್ತಾರೆ. ನಾನು ಮೂಕಿ ಭಾರ ಅನ್ನುತ್ತೇನೆ. ಟ್ರೈಲರ್‌ನ ಒಟ್ಟು ತೂಕದಲ್ಲಿ ಇದು ಶೇ 10ರಿಂದ 15ರಷ್ಟು ಇರಬೇಕು. ಕಡಿಮೆಯಾದರೆ ಬಾಲ ಬೀಸುತ್ತದೆ. ಜಾಸ್ತಿಯಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ.

ಈ ಮೂಕಿ ಭಾರವನ್ನು ಟ್ರೈಲರ್‌ನ ಚಕ್ರ ಹೊರುವುದಿಲ್ಲ, ನಿಮ್ಮ ಟ್ರಕ್ ಹೊರುತ್ತದೆ. ಹಾಗಾಗಿ ಎಳೆಯುವ ಶಕ್ತಿಗಿಂತ ಮೊದಲು ಹೊರುವ ಶಕ್ತಿ ನೋಡಬೇಕು.

ಬಾಗಿಲಿನ ಚೀಟಿ

ಟ್ರಕ್ಕಿನ ಡ್ರೈವರ್ ಬಾಗಿಲು ತೆರೆಯಿರಿ. ಪಕ್ಕದ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಒಂದೇ ಮಾಡೆಲ್‌ನ ಎರಡು ಟ್ರಕ್‌ಗಳಲ್ಲೂ ಈ ಅಂಕಿ ಬೇರೆ ಬೇರೆ ಇರಬಹುದು. ಸನ್‌ರೂಫ್, ಚರ್ಮದ ಸೀಟು, ಫೋರ್ ವೀಲ್ ಡ್ರೈವ್, ಹೀಗೆ ಐಷಾರಾಮ ಏರಿದಷ್ಟೂ ಅಂಕಿ ಇಳಿಯುತ್ತದೆ. ಆದ್ದರಿಂದ ಪಕ್ಕದ ಮನೆಯವರ ಟ್ರಕ್ ನೋಡಿ ಲೆಕ್ಕ ಹಾಕಬೇಡಿ.

ನಮ್ಮ ಟ್ರಕ್ಕಿನಲ್ಲಿ ಇದ್ದದ್ದು 1,420 ಪೌಂಡ್. ಈಗ ಕಳೆಯುತ್ತಾ ಬನ್ನಿ. ನಾನು 175, ಹೆಂಡತಿ 140, ಮಕ್ಕಳು 85 ಮತ್ತು 60, ಅಮ್ಮ 130. ಒಟ್ಟು 590. ಓಡಿಸುವವರನ್ನೂ ಸೇರಿಸಬೇಕು, ತುಂಬಾ ಜನ ಇದನ್ನು ಮರೆಯುತ್ತಾರೆ. ಭಾರ ಹಂಚುವ ಹಿಚ್ ಒಂದಕ್ಕೆ 80. ಹಿಂದಿನ ತೊಟ್ಟಿಯಲ್ಲಿ ಇಡುವ ಐಸ್ ಪೆಟ್ಟಿಗೆ, ಕುರ್ಚಿ, ಉಪಕರಣಗಳಿಗೆ 150. ಉಳಿದದ್ದು 600. ಇಷ್ಟೇ ನಮ್ಮ ಮೂಕಿ ಭಾರದ ಮಿತಿ. ಶೇ 13ರ ಲೆಕ್ಕ ಹಿಡಿದರೆ, 600ನ್ನು 0.13ರಿಂದ ಭಾಗಿಸಿ, ಟ್ರೈಲರ್ ತುಂಬಿದಾಗ ಸುಮಾರು 4,600 ಪೌಂಡ್ ಇರಬಹುದು. ಜಾಹೀರಾತಿನ 9,000ಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ.

ಹಾಗಂತ 9,000 ಸುಳ್ಳಲ್ಲ. ಎಸ್‌ಎಇ ಜೆ2807 ಎಂಬ, ವಾಹನ ಎಂಜಿನಿಯರುಗಳ ಸಂಘ ರೂಪಿಸಿದ ಪರೀಕ್ಷೆ ಪಾಸು ಮಾಡಿ ಪಡೆದ ಅಂಕಿ ಅದು. ಅರಿಝೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ ಏರನ್ನು ಎಸಿ ಹಾಕಿಕೊಂಡೇ ಹತ್ತಬೇಕು, ವೇಗ 40 ಮೈಲಿಗಿಂತ ಇಳಿಯಬಾರದು. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರೇ ಇರುತ್ತಾರೆ. ಅಮ್ಮ, ಮಕ್ಕಳು, ಕುಕ್ಕರ್ ಯಾರೂ ಇಲ್ಲ.

ಚಿಕ್ಕ ಪಿಕಪ್ ಇದ್ದವರು ಇನ್ನೂ ಎಚ್ಚರ ವಹಿಸಬೇಕು. ಹೋಂಡಾ ರಿಡ್ಜ್‌ಲೈನ್‌ಗೆ ಎಳೆಯುವ ಮಿತಿಯೇ 5,000 ಪೌಂಡ್. ಫೋರ್ಡ್ ಮ್ಯಾವೆರಿಕ್‌ಗೆ ಟೋ ಪ್ಯಾಕೇಜ್ ಇದ್ದರೆ 4,000, ಇಲ್ಲದಿದ್ದರೆ ಬರೀ 2,000.

ಟ್ರೈಲರ್‌ನ ಚೀಟಿ

ಡೀಲರ್‌ಗಳು ಹೇಳುವುದು 'ಡ್ರೈ ವೇಟ್', ಅಂದರೆ ಖಾಲಿ ತೂಕ. ಖಾಲಿ ಟ್ರೈಲರ್ ಕಟ್ಟಿಕೊಂಡು ಯಾರೂ ಪ್ರವಾಸ ಹೋಗುವುದಿಲ್ಲವಲ್ಲ. ನೀವು ನೋಡಬೇಕಾದದ್ದು ಜಿವಿಡಬ್ಲ್ಯೂಆರ್, ತುಂಬಿದಾಗ ಮೀರಬಾರದ ತೂಕ. ಇದು ಟ್ರೈಲರ್‌ನ ಹೊರಗೋಡೆಯ ಮೇಲೆ, ಎಡಗಡೆ ಮುಂದಿನ ಮೂಲೆಯ ಸ್ಟಿಕರ್‌ನಲ್ಲಿ ಇರುತ್ತದೆ. ನಮಗೆ ಬಂದ ಲೆಕ್ಕ 4,600. ಹಾಗಾಗಿ ಅದರ ಆಸುಪಾಸಿನ ಜಿವಿಡಬ್ಲ್ಯೂಆರ್ ಇರುವುದನ್ನೇ ಹುಡುಕಿದೆವು.

ಖಾಲಿ ತೂಕ 3,500 ಅಂತಿಟ್ಟುಕೊಳ್ಳಿ. ಉಳಿದದ್ದು 1,100. ಒಂದು ಗ್ಯಾಲನ್ ನೀರು 8.3 ಪೌಂಡ್, 30 ಗ್ಯಾಲನ್ ತುಂಬಿದರೆ 250. ಬ್ಯಾಟರಿ ಮತ್ತು ತುಂಬಿದ ಎರಡು ಗ್ಯಾಸ್ ಸಿಲಿಂಡರ್‌ಗೆ 125. ಇನ್ನು 725 ಪೌಂಡಿನಲ್ಲಿ ಹಾಸಿಗೆ, ಬಟ್ಟೆ, ಪಾತ್ರೆ, ದಿನಸಿ. ಸಾಲುತ್ತದೆ, ಆದರೆ ವೆಟ್ ಗ್ರೈಂಡರ್ ಮನೆಯಲ್ಲೇ ಇರಲಿ. ಹಿಟ್ಟು ರುಬ್ಬಿಕೊಂಡು ಡಬ್ಬಿಯಲ್ಲಿ ತನ್ನಿ.

'ಹಾಫ್ ಟನ್ ಟೋವಬಲ್' ಅಂತ ಬೋರ್ಡ್ ಹಾಕಿದ ಟ್ರೈಲರ್‌ಗಳೂ ಸಿಗುತ್ತವೆ. ಅದು ಮಾರಾಟದ ಮಾತು. ಅದಕ್ಕೊಂದು ಅಳತೆ ಅಂತ ಇಲ್ಲ.

ಒಳಗೆ ಯಾರು ಎಲ್ಲಿ ಮಲಗುತ್ತಾರೆ?

ಮಕ್ಕಳಿದ್ದರೆ ಬಂಕ್‌ಹೌಸ್ ಮಾದರಿ ಒಳ್ಳೆಯದು. ರೈಲಿನ ಬರ್ತ್ ಹಾಗೆ ಒಂದರ ಮೇಲೊಂದು ಎರಡು ಹಾಸಿಗೆ. ಊಟದ ಮೇಜು ತಗ್ಗಿಸಿದರೆ ಇನ್ನೊಂದು ಹಾಸಿಗೆಯಾಗುತ್ತದೆ. ಡೀಲರ್ ಬಳಿ ನಿಜವಾಗಿ ಮಲಗಿ ನೋಡಿ, ಸಂಕೋಚ ಬೇಡ. ಊರಿಂದ ಬರುವ ಹಿರಿಯರಿಗೆ ರಾತ್ರಿ ಯಾರನ್ನೂ ದಾಟದೆ ಬಚ್ಚಲಿಗೆ ಹೋಗಲು ಆಗಬೇಕು. ಬಾಗಿಲ ಮೆಟ್ಟಿಲು ಎಷ್ಟು ಎತ್ತರ, ಹಿಡಿಕೆ ಗಟ್ಟಿ ಇದೆಯಾ ನೋಡಿ. ಗೋಡೆಯಿಂದ ಹೊರಕ್ಕೆ ಸರಿಯುವ ಸ್ಲೈಡ್-ಔಟ್ ಕೋಣೆ ಚೆಂದ, ಆದರೆ ತೂಕ ಏರಿಸುತ್ತದೆ, ನೀರು ಸೋರುವ ಜಾಗವೂ ಹೌದು. ಚಿಕ್ಕ ಟ್ರಕ್ಕಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಹೊರಗೆ ತೆರೆಯುವ ಅಡುಗೆ ಕಟ್ಟೆ ಇದ್ದರೆ ಮಾತ್ರ ಕಣ್ಣುಮುಚ್ಚಿ ತಗೊಳ್ಳಿ. ಒಳಗೆ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಇಡೀ ಕ್ಯಾಂಪ್ ಎಬ್ಬಿಸುತ್ತದೆ.

ಉದ್ದದ ವಿಷಯದಲ್ಲಿ ಹೆಸರನ್ನು ನಂಬಬೇಡಿ. ಮಾಡೆಲ್ ಹೆಸರಿನಲ್ಲಿ 17 ಅಂತಿದ್ದರೂ ಮೂಕಿಯಿಂದ ಬಂಪರ್‌ವರೆಗೆ 20 ಅಡಿ ದಾಟಬಹುದು. ಹಳೆಯ ನ್ಯಾಷನಲ್ ಪಾರ್ಕ್ ಕ್ಯಾಂಪ್‌ಗಳಲ್ಲಿ ಉದ್ದ ಜಾಸ್ತಿಯಾದಷ್ಟೂ ಜಾಗ ಸಿಗುವುದು ಕಷ್ಟ. ಗ್ಲೇಸಿಯರ್ ಪಾರ್ಕ್‌ನ ಗೋಯಿಂಗ್-ಟು-ದಿ-ಸನ್ ರಸ್ತೆಯ ಬೆಟ್ಟದ ಭಾಗಕ್ಕಂತೂ 21 ಅಡಿ ಮೀರಿದ ವಾಹನ ಬಿಡುವುದೇ ಇಲ್ಲ, ಟ್ರಕ್ಕು-ಟ್ರೈಲರ್ ಸೇರಿಸಿ ಅಳೆಯುತ್ತಾರೆ. ಟ್ರೈಲರ್ ಕ್ಯಾಂಪ್‌ನಲ್ಲೇ ಬಿಟ್ಟು ಹೋಗಬೇಕು.

ಗಾಳಿಯನ್ನೂ ಮರೆಯಬೇಡಿ. ಎತ್ತರದ ಚೌಕ ಗೋಡೆ ಗಾಳಿಗೆ ಎದುರು ನಿಂತರೆ ಮೈಲೇಜ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಡಚುವ ಪಾಪ್-ಅಪ್, ಮೊಟ್ಟೆಯಾಕಾರದ ಫೈಬರ್‌ಗ್ಲಾಸ್ ಸ್ಕ್ಯಾಂಪ್ ಥರದವು ಹಗುರ, ಗಾಳಿಗೂ ಅನುಕೂಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಯಲ್ಲಿ. ಅಲ್ಲಿಗೆ ಮುಟ್ಟುವಾಗ ಮೂರರಲ್ಲಿ ಒಂದು ಪಾಲು ಶಕ್ತಿ ಇರುವುದಿಲ್ಲ.

ಹಳೆಯದು ಕೊಳ್ಳುವವರು ಬಚ್ಚಲ ಸುತ್ತ, ಕಿಟಕಿ ಕೆಳಗೆ ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಹೋದರೆ ಒಳಗಿನ ಮರ ಕೊಳೆತಿದೆ, ಎದ್ದು ಬನ್ನಿ. ಟೈರ್ ಮೇಲೆ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯ ಟೈರ್ ನೋಡಲು ಹೊಸದರ ಹಾಗಿದ್ದರೂ ಬದಲಿಸಿ.

ಕಟ್ಟುವ ಸಾಮಾನು

ಟ್ರಕ್ಕಿನ ಕೆಳಗೆ ಹಿಚ್ ಕೂರಿಸುವ ಚೌಕ ತೂತಿನ ಬಳಿಯೂ ಒಂದು ಸ್ಟಿಕರ್ ಇರುತ್ತದೆ. ಟ್ರೈಲರ್ ಮೂತಿ ಕೂರುವ ಬರೀ ಚೆಂಡಿನ ಮೇಲೆ ಎಷ್ಟು, ಭಾರ ಹಂಚುವ ಹಿಚ್ ಇದ್ದರೆ ಎಷ್ಟು ಅಂತ ಎರಡು ಅಂಕಿ. ಮೊದಲನೆಯದು ಎಷ್ಟೋ ಟ್ರಕ್‌ಗಳಲ್ಲಿ ಮೂಕಿ ಭಾರಕ್ಕೆ 500 ಪೌಂಡ್ ಮಾತ್ರ. ಭಾರ ಹಂಚುವ ಹಿಚ್‌ನ ಸ್ಪ್ರಿಂಗ್ ಸರಳುಗಳು ಒಂದಿಷ್ಟು ತೂಕವನ್ನು ಮುಂದಿನ ಚಕ್ರಕ್ಕೂ ಟ್ರೈಲರ್ ಚಕ್ರಕ್ಕೂ ತಳ್ಳುತ್ತವೆ. ಬಾಲ ಬೀಸುವುದನ್ನು ತಡೆಯುವ ವ್ಯವಸ್ಥೆ ಇರುವಂಥದ್ದೇ ತಗೊಳ್ಳಿ.

ಟ್ರೈಲರ್ ಬ್ರೇಕನ್ನು ಟ್ರಕ್ಕಿನೊಳಗಿಂದ ನಡೆಸುವ ಬ್ರೇಕ್ ಕಂಟ್ರೋಲರ್ ಬೇಕೇ ಬೇಕು. ಅದರಲ್ಲಿ ಟ್ರೈಲರ್ ಬ್ರೇಕನ್ನು ಮಾತ್ರ ಹಿಡಿಯುವ ಒಂದು ಗುಂಡಿ ಅಥವಾ ಸರಳು ಇರುತ್ತದೆ. ಬಾಲ ಬೀಸಲು ಶುರುವಾದರೆ ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಅದನ್ನು ಒತ್ತಬೇಕು. ಟ್ರಕ್ಕಿನ ಬ್ರೇಕ್ ತುಳಿಯಬಾರದು. ಆ ಘಾಟಿಯಲ್ಲಿ ನನಗೆ ಇದು ಗೊತ್ತಿರಲಿಲ್ಲ.

ತೂಗಿ ನೋಡಿ

ಮೂಕಿ ಭಾರವನ್ನು ಮನೆಯಲ್ಲೇ ಅಳೆಯಬಹುದು. ಸಮತಟ್ಟು ನೆಲದಲ್ಲಿ ಟ್ರೈಲರ್ ಚಕ್ರಗಳಿಗೆ ಕಲ್ಲು ಕೊಡಿ. ಒಂದು ಕಡೆ ಇಟ್ಟಿಗೆ, 3 ಅಡಿ ದೂರದಲ್ಲಿ ಮನೆಯ ತೂಕದ ಯಂತ್ರ. ಎರಡೂ ಒಂದೇ ಎತ್ತರಕ್ಕೆ ಬರಲಿ. ಎರಡರ ಮೇಲೂ ಒಂದು ಗಟ್ಟಿ ತೊಲೆ ಇಟ್ಟು ಯಂತ್ರವನ್ನು ಸೊನ್ನೆಗೆ ತನ್ನಿ. ಇಟ್ಟಿಗೆಯಿಂದ 1 ಅಡಿ, ಯಂತ್ರದಿಂದ 2 ಅಡಿ ದೂರದಲ್ಲಿ ಟ್ರೈಲರ್ ಮೂತಿಯನ್ನು ತೊಲೆಯ ಮೇಲೆ ಇಳಿಸಿ. ಯಂತ್ರ ತೋರಿಸಿದ್ದನ್ನು 3ರಿಂದ ಗುಣಿಸಿ. ಲೆಕ್ಕ ಹಾಕಿ ಆರಿಸಿದ ನಮ್ಮ ಚಿಕ್ಕ ಟ್ರೈಲರ್‌ಗೆ 195 ತೋರಿಸಿತು, ಅಂದರೆ 585. ಈ ಸಲ ಸೈಕಲ್‌ಗಳನ್ನು ಹಿಂದಿನ ಬಂಪರ್ ಮೇಲೆ ಕಟ್ಟದೆ, ಅಕ್ಕಿ ಮೂಟೆಯನ್ನು ಅಚ್ಚಿನ ಮೇಲೆ ಇಟ್ಟಾಗ ಬಂದ ಅಂಕಿ ಇದು. ಅಮ್ಮ ಪಕ್ಕದಲ್ಲೇ ನಿಂತಿದ್ದರು.

ಪೂರ್ತಿ ತೂಕಕ್ಕೆ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗೆ ಹೋಗಿ. ಅಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಇರುವ ತೂಕದ ಕಟ್ಟೆ ಇರುತ್ತದೆ. ಟ್ರಕ್ಕಿನ ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೈಲರ್ ಚಕ್ರ ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಎಲ್ಲರೂ ಗಾಡಿಯಲ್ಲಿ ಕೂತಿರುವಾಗಲೇ ತೂಗಿಸಿ. ಹಿಂದಿನ ಚಕ್ರದ ಅಂಕಿಯನ್ನು ಬಾಗಿಲ ಬಳಿ ಬರೆದಿರುವ ಹಿಂದಿನ ಅಚ್ಚಿನ ಮಿತಿಗೆ ಹೋಲಿಸಿ.

ಇನ್ನು ರಿವರ್ಸ್. ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಲಿಯಿರಿ. ಸ್ಟೀರಿಂಗನ್ನು ಕೆಳತುದಿಯಲ್ಲಿ ಹಿಡಿಯಿರಿ. ಕೈ ಎಡಕ್ಕೆ ಹೋದರೆ ಟ್ರೈಲರ್ ಬಾಲವೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹಿಂದೆ ಒಬ್ಬರು ನಿಂತು ದಾರಿ ತೋರಿಸಲಿ, ಅವರ ಮುಖ ನಿಮ್ಮ ಕನ್ನಡಿಯಲ್ಲಿ ಕಾಣುತ್ತಿರಲಿ. ನಮ್ಮಲ್ಲಿ ಆ ಕೆಲಸ ಅಮ್ಮನದು. ಬಸ್ಸಿನ ಕಂಡಕ್ಟರ್ ಹಾಗೆ ಕೈ ಬೀಸುತ್ತಾ "ಬರ್ಲಿ, ಬರ್ಲಿ" ಅನ್ನುತ್ತಾರೆ. ಮರ ಹತ್ತಿರ ಬಂದಾಗ "ಹೋಲ್ಡಾನ್!"