ಮನೆ ಮೇಲೆ ಸೋಲಾರ್ ಹಾಕ್ಸೋರು ಸಬ್ಸಿಡಿ ಜೊತೆ ಈ ರೂಲ್ಸೂ ತಿಳ್ಕೊಂಡಿರಿ

ಮನೆ ಮೇಲೆ ಸೋಲಾರ್ ಹಾಕ್ಸೋಕೆ ಕೇಂದ್ರ ಸರ್ಕಾರ ತಂದ ಯೋಜನೆ ಪಿಎಂ ಸೂರ್ಯಘರ್ ಅಂದ್ರೆ ಎಲ್ರಿಗೂ 78,000 ರೂಪಾಯಿ ಸಬ್ಸಿಡಿ ಮಾತ್ರ ಗೊತ್ತು. ಆದ್ರೆ ಅದೇ 2024ರ ಫೆಬ್ರವರಿಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಒಂದು ತಿದ್ದುಪಡಿ ತಂತು, ನನ್ನ ಪ್ರಕಾರ ದುಡ್ಡಿಗಿಂತ ಅದೇ ದೊಡ್ಡದು, ಯಾಕಂದ್ರೆ ಫೈಲ್ ಮುಂದೆ ಹೋಗದೆ ನಿಂತಾಗ ನಿಮ್ಮ ಕೈಲಿರೋದು ಅದೊಂದೇ.

ಮೊದಲು ಒಂದು ವರ್ಷದ ಕರೆಂಟ್ ಬಿಲ್ ತೆಗೆದು ತಿಂಗಳಿಗೆ ಎಷ್ಟು ಯೂನಿಟ್ ಅಂತ ನೋಡಿ. 1 ಕಿಲೋವ್ಯಾಟ್‌ಗೆ ತಿಂಗಳಿಗೆ ಅಂದಾಜು 100ರಿಂದ 120 ಯೂನಿಟ್ ಬರುತ್ತೆ, ಸುಮಾರು 100 ಚದರಡಿ ಜಾಗ ಬೇಕು. ಗೃಹಜ್ಯೋತಿಲಿ ಬಿಲ್ ಸೊನ್ನೆ ಬರ್ತಿದ್ರೆ ಸದ್ಯಕ್ಕೆ ಹಾಕಿದ ದುಡ್ಡು ವಾಪಸ್ ಬರೋದು ಕಷ್ಟ, ಅದನ್ನ ಯೋಚ್ನೆ ಮಾಡಿ. ನೆರಳು ನೋಡೋವಾಗ ದಕ್ಷಿಣದ ಕಡೆ ತೆಂಗಿನಮರ, ನೀರಿನ ಟ್ಯಾಂಕ್, ಪಕ್ಕದ ಮನೆಯ ಮೇಲಿನ ಮಹಡಿ ಏನಿದೆ ನೋಡಿ, ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಆ ನೆರಳು ಉದ್ದ ಬೀಳುತ್ತೆ, ಏಪ್ರಿಲ್‌ನಲ್ಲಿ ಬಂದು ನೋಡಿದ ವೆಂಡರ್‌ಗೆ ಅದು ಕಾಣಲ್ಲ.

ಸಬ್ಸಿಡಿ ಲೆಕ್ಕ ಸುಲಭ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೇದಕ್ಕೆ 18,000, ಅದಕ್ಕಿಂತ ಎಷ್ಟೇ ದೊಡ್ಡದು ಹಾಕಿದ್ರೂ 78,000 ದಾಟಲ್ಲ.

ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ನಿಮ್ಮ ಎಸ್ಕಾಂ (ಕರೆಂಟ್ ಕೊಡೋ ಕಂಪನಿ, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೋ ಅದು) ಮತ್ತೆ ಬಿಲ್‌ನಲ್ಲಿರೋ ಗ್ರಾಹಕ ಸಂಖ್ಯೆ ಹಾಕಿ ಅರ್ಜಿ ಕೊಡಿ. ವೆಂಡರ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆದವ್ರೇ ಆಗಿರ್ಬೇಕು, ಪ್ಯಾನೆಲ್ ಭಾರತದಲ್ಲೇ ಮಾಡಿದ ಸೆಲ್‌ದಾಗಿರ್ಬೇಕು, ಇಲ್ಲಾಂದ್ರೆ ಸಬ್ಸಿಡಿ ಇಲ್ಲ. ಕೊಟೇಶನ್‌ನಲ್ಲೇ ಇದನ್ನ ಬರೆಸ್ಕೊಳ್ಳಿ. ಸಬ್ಸಿಡಿ ಬರೋದು ಎಲ್ಲಾ ಮುಗಿದ್ಮೇಲೆ ನಿಮ್ಮ ಅಕೌಂಟ್‌ಗೆ, ಹಾಗಾಗಿ ಪೂರ್ತಿ ದುಡ್ಡು ಮೊದಲೇ ಕೊಡ್ಬೇಡಿ.

ಈಗ ಆ ರೂಲ್ಸ್. 10 ಕಿಲೋವ್ಯಾಟ್ ಒಳಗಿನ ಅರ್ಜಿ ಸರಿಯಾಗಿ ತುಂಬಿದ್ರೆ ಅದು ಒಪ್ಪಿಗೆ ಆದ ಹಾಗೇ ಲೆಕ್ಕ, ಟೆಕ್ನಿಕಲ್ ಫೀಸಿಬಿಲಿಟಿ (ಲೈನಿಗೆ ಜೋಡಿಸೋಕೆ ಆಗುತ್ತಾ ಅನ್ನೋ ಪರಿಶೀಲನೆ) ಅಂತ ಕಾಯಿಸೋ ಹಾಗಿಲ್ಲ. ಸ್ಯಾಂಕ್ಷನ್ ಲೋಡ್ (ನಿಮ್ಮ ಮನೆಗೆ ಮಂಜೂರಾದ ಕಿಲೋವ್ಯಾಟ್) ಕಮ್ಮಿ ಇದ್ರೆ ಏರಿಸೋ ಕೆಲಸ ಎಸ್ಕಾಂದೇ. 5 ಕಿಲೋವ್ಯಾಟ್ ತನಕ ಲೈನು, ಟ್ರಾನ್ಸ್‌ಫಾರ್ಮರ್ ಬಲಪಡಿಸೋ ಖರ್ಚೂ ಅವರದ್ದೇ, "ಟಿಸಿ (ಟ್ರಾನ್ಸ್‌ಫಾರ್ಮರ್) ಓವರ್‌ಲೋಡ್ ಇದೆ, ನೀವೇ ದುಡ್ಡು ಹಾಕಿ" ಅಂದ್ರೆ ಒಪ್ಕೋಬೇಡಿ. ಎಸ್ಕಾಂ ಸಿಸ್ಟಂ ಚಾಲೂ ಮಾಡೋ ಗಡುವು ಮೊದಲು 30 ದಿನ ಇತ್ತು, ಈಗ 15.

ನೆಟ್ ಮೀಟರ್ ಕೂತ್ಮೇಲೆ ಹಗಲು ಮಿಕ್ಕಿದ್ದು ಗ್ರಿಡ್‌ಗೆ (ಎಸ್ಕಾಂ ಲೈನಿಗೆ) ಹೋಗುತ್ತೆ, ರಾತ್ರಿ ನೀವು ತಗೋತೀರಾ, ಬಿಲ್ ಬರೋದು ವ್ಯತ್ಯಾಸಕ್ಕೆ. ಆದ್ರೆ ಕರೆಂಟ್ ಹೋದಾಗ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರೂ ನಿಂತೋಗುತ್ತೆ, ಕಂಬದ ಮೇಲಿರೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರ್ದು ಅಂತ ಆ ವ್ಯವಸ್ಥೆ.

ಗಡುವು ಮೀರಿದ್ರೆ ಬಾಯಲ್ಲಿ ಕೇಳಿ ಸುಮ್ನಾಗ್ಬೇಡಿ, 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ, ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಆಗ್ಲೂ ಆಗದಿದ್ರೆ ಎಸ್ಕಾಂನ ಗ್ರಾಹಕರ ಕುಂದುಕೊರತೆ ವೇದಿಕೆ, ಅದಾದ್ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಎರಡೂ 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್‌ನಲ್ಲೇ ಇವೆ, ದೂರಿನಲ್ಲಿ ಆ ನಂಬರ್ ಬರೀರಿ.