ರೆಕ್ಟಿಫೈಯರ್ ಟ್ಯೂಬ್ ಬದಲಿಸುವ ಮುನ್ನ

ಟ್ಯೂಬ್ ಗಿಟಾರ್ ಆಂಪ್‌ನಲ್ಲಿ ಎಸಿ ವಿದ್ಯುತ್ತನ್ನು ಡಿಸಿಯಾಗಿಸುವ ಭಾಗವೇ ರೆಕ್ಟಿಫೈಯರ್; ಗಿಟಾರಿನ ಸಿಗ್ನಲ್ ಅದರ ಮೂಲಕ ಹಾದುಹೋಗುವುದೇ ಇಲ್ಲ. ಆದರೂ ಬೆರಳಿಗೆ ಸಿಗುವ ಅನುಭವವನ್ನು ಅದು ಬದಲಿಸಬಲ್ಲದು. ತಂತಿಯನ್ನು ಜೋರಾಗಿ ಮೀಟಿದಾಗ ಸ್ಪೀಕರನ್ನು ನಡೆಸುವ ಪವರ್ ಟ್ಯೂಬ್‌ಗಳು ಹೆಚ್ಚು ಕರೆಂಟ್ ಎಳೆಯುತ್ತವೆ, ರೆಕ್ಟಿಫೈಯರ್ ಟ್ಯೂಬಿನ ಆಂತರಿಕ ರೋಧದಿಂದಾಗಿ ವೋಲ್ಟೇಜ್ ಕ್ಷಣಕಾಲ ಕುಸಿದು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಹೀಗಾಗಿ ಸ್ವರದ ಮೊದಲ ಪೆಟ್ಟು ಮೆತ್ತಗಾಗಿ, ಅದರ ಬೆನ್ನಿಗೇ ನಾದ ಅರಳಿದಂತೆ ಕೇಳಿಸುತ್ತದೆ. ಟ್ಯೂಬಿನ ಬದಲು ಇದೇ ಕೆಲಸ ಮಾಡುವ ಸಿಲಿಕಾನ್ ಡಯೋಡ್‌ನಲ್ಲಿ ಕುಸಿತ ಸುಮಾರು 1 ವೋಲ್ಟ್ ಮಾತ್ರ, ಆದ್ದರಿಂದ ಪೆಟ್ಟು ಬಿಗಿಯಾಗಿರುತ್ತದೆ.

ರೆಕ್ಟಿಫೈಯರ್ ಟ್ಯೂಬ್‌ಗಳೆಲ್ಲವೂ ಒಂದೇ ಅಲ್ಲ. ಜಿಜೆಡ್34 ಎಂಬ ಮಾದರಿಯ ಟ್ಯೂಬಿನಲ್ಲಿ 225 ಮಿಲಿಆಂಪಿಯರ್‌ಗೆ ಸುಮಾರು 17 ವೋಲ್ಟ್ ನಷ್ಟವಾದರೆ, 5ವೈ3 ಮಾದರಿಯಲ್ಲಿ 125 ಮಿಲಿಆಂಪಿಯರ್‌ಗೇ ಸುಮಾರು 50 ವೋಲ್ಟ್ ನಷ್ಟವಾಗುತ್ತದೆ. 5ಯು4 ಮಾದರಿ ಹಾಕುವುದಾದರೆ ಅದರ ಫಿಲಮೆಂಟಿಗೆ (ಟ್ಯೂಬನ್ನು ಕಾಯಿಸುವ ತಂತಿಗೆ) 3 ಆಂಪಿಯರ್ ಬೇಕು; ನಿಮ್ಮ ಟ್ರಾನ್ಸ್‌ಫಾರ್ಮರ್ ಅಷ್ಟು ಕೊಡಬಲ್ಲದೇ ಎಂದು ಮೊದಲು ನೋಡಿ. ಒಂದೇ ಪವರ್ ಟ್ಯೂಬಿನ ಕ್ಲಾಸ್ ಎ ಆಂಪ್‌ನಲ್ಲಿ (ಟ್ಯೂಬಿನಲ್ಲಿ ಸದಾ ಕರೆಂಟ್ ಹರಿಯುವ ಬಗೆ) ಕರೆಂಟ್ ಹೆಚ್ಚು ಏರಿಳಿಯದ ಕಾರಣ ಈ ಕುಸಿತ ಅಷ್ಟಾಗಿ ಗೊತ್ತಾಗದು. ಅಲ್ಲಿ ಇದಕ್ಕಾಗಿ ಹಣ ಸುರಿಯುವುದು ನನಗೆ ಸರಿಯೆನಿಸುವುದಿಲ್ಲ.

ರೆಕ್ಟಿಫೈಯರ್ ನಂತರ ವೋಲ್ಟೇಜನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರನ್ನು ಸುಮ್ಮನೆ ದೊಡ್ಡದು ಮಾಡಬೇಡಿ, ಆನ್ ಮಾಡಿದ ಗಳಿಗೆಯ ಕರೆಂಟಿಗೆ ಟ್ಯೂಬ್ ಕಿಡಿಯೆದ್ದು ಹಾಳಾಗಬಹುದು. 5ವೈ3ಯ ಜಾಗಕ್ಕೆ ಡಯೋಡ್ ಹಾಕಿದರೆ ವೋಲ್ಟೇಜ್ ಏರುವುದರಿಂದ ಬಯಾಸನ್ನು (ಸದ್ದಿಲ್ಲದಾಗ ಪವರ್ ಟ್ಯೂಬಿನಲ್ಲಿ ಹರಿಯುವ ಕರೆಂಟನ್ನು ನಿಗದಿಪಡಿಸುವ ಹೊಂದಿಕೆ) ಮತ್ತೆ ಅಳೆಯಲೇಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣಾಂತಕ ವೋಲ್ಟೇಜ್ ಉಳಿದಿರುತ್ತದೆ. ಅದನ್ನು ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಕೈಹಾಕಿ.