ಮಳೆಗಾಲದಲ್ಲೂ ಉಡ ಕಲ್ಲಿಗೆ ಬಂತು: ಬೆಳಕಿನ ಜೋಡಣೆ

ಮಳೆ ಹಿಡಿದ ಮೇಲೆ ಶಿರಸಿ ಕಡೆ ಗಾಯದ ಪ್ರಾಣಿಗಳನ್ನು ಇಡುವ ಶೆಡ್ಡಿನಲ್ಲಿ ಉಡ ಪೊಟರೆಯಿಂದ ಹೊರಗೆ ಬರುವುದಿಲ್ಲ, ತಿನ್ನುವುದಿಲ್ಲ, ಬಿಸಿಲು ಬೀಳುವ ತನಕ ಕಾಯಬೇಕು ಎಂದೇ ಎಲ್ಲರೂ ಹೇಳುತ್ತಿದ್ದರು. ಈಗ ಆಷಾಢದ ಜಡಿಮಳೆಯಲ್ಲೂ ಎಂಟು ಗಂಟೆಗೆಲ್ಲ ಕಲ್ಲಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತವೆ, ಹತ್ತರ ಸುಮಾರಿಗೆ ಮೊಟ್ಟೆ, ಏಡಿ ನುಂಗುತ್ತವೆ. ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಹಾಗಾಗಿ ಈ ಬರಹ ಅರಣ್ಯ ಇಲಾಖೆಯ ಅನುಮತಿಯಲ್ಲಿ ಗಾಯದ ಪ್ರಾಣಿ ನೋಡಿಕೊಳ್ಳುವವರಿಗಷ್ಟೇ.

ಮೊದಲು ದುಡ್ಡು ಹೋದದ್ದು ಬೆಳಕಿಲ್ಲದ ಸೆರಾಮಿಕ್ ಹೀಟರಿಗೆ. ಗಾಳಿ 32 ಡಿಗ್ರಿಗೆ ಏರಿದರೂ ಉಡ ಪೊಟರೆ ಬಿಡಲಿಲ್ಲ. ಹಗಲು ತಿರುಗುವ ಪ್ರಾಣಿಗೆ ಬಿಸಿ ಇರುವ ಜಾಗ ಎಂದರೆ ಬೆಳಕು ಇರುವ ಜಾಗ. ಎರಡೂ ಒಂದೇ ಕಡೆ, ಮೇಲಿನಿಂದ ಬರಬೇಕು. ರಾತ್ರಿಗೆಂದು ಹಾಕಿದ ಕೆಂಪು ಬಲ್ಬೂ ದಂಡ. ನಿದ್ದೆ ಕೆಟ್ಟು ಮಣ್ಣು ಕೆದರುತ್ತಿದ್ದವು.

ಒಂದೇ 150 ವ್ಯಾಟಿನ ಬಲ್ಬ್ ಹಾಕಿದರೆ ಬೆನ್ನಿನ ನಡು ಸುಡುತ್ತದೆ, ಬಾಲದ ಬುಡ ತಣ್ಣಗಿರುತ್ತದೆ. 50 ವ್ಯಾಟಿನ ಮೂರು ಹ್ಯಾಲೊಜೆನ್ ಫ್ಲಡ್ ಬಲ್ಬ್ (ಬೆಳಕನ್ನು ಅಗಲಕ್ಕೆ ಚೆಲ್ಲುವಂಥದು) ಸಾಲಾಗಿ, ಕಲ್ಲಿನಿಂದ ಸುಮಾರು ಒಂದಡಿ ಮೇಲೆ ಕಟ್ಟಿ. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ಬಲ್ಬಿಗೆ ತಂತಿಯ ಬುಟ್ಟಿ ಕಡ್ಡಾಯ, ಇಲ್ಲದಿದ್ದರೆ ಉಡ ಏರಿ ತಬ್ಬುತ್ತದೆ. ಕಲ್ಲಿನ ಮೈ 50–55 ಡಿಗ್ರಿ, ಶೆಡ್ಡಿನ ಇನ್ನೊಂದು ತುದಿ 26ರ ಆಸುಪಾಸು. ನಮ್ಮಲ್ಲಿಯ ವೋಲ್ಟೇಜಿಗೆ ಬಲ್ಬ್ ವಾರದಲ್ಲೇ ಸುಟ್ಟು ಹೋಗುತ್ತಿತ್ತು. ಎರಡು ಸಾವಿರದ ಚಿಲ್ಲರೆಯ ಸ್ಟೆಬಿಲೈಸರ್ ಆ ಖರ್ಚು ನಿಲ್ಲಿಸಿತು.

ಕಲ್ಲಿನ ವಿಷಯದಲ್ಲಿ ನನ್ನ ಓಟು ಚಿರೆಕಲ್ಲಿಗೆ (ಜಂಬಿಟ್ಟಿಗೆ ಕಲ್ಲು). ಗ್ರಾನೈಟ್ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಮೇಲ್ಮೈ ಕಾಯಲು ಗಂಟೆ ಮೀರುತ್ತದೆ. ಎರಡಿಂಚಿಗೆ ಕೊಯ್ಸಿದ ಚಿರೆಕಲ್ಲು ಅರ್ಧ ಗಂಟೆಯೊಳಗೆ ತಯಾರು. ಆದರೆ ಅದು ನೀರು ಕುಡಿದರೆ ಕಾಯುವುದೇ ಇಲ್ಲ, ಇಟ್ಟಿಗೆ ಮೇಲೆ ಎತ್ತಿ ಒಣಗಿದಂತೆ ಇಡಿ. ಕರೆಂಟು ಹೋದಾಗ ಗ್ರಾನೈಟ್ ಹೆಚ್ಚು ಹೊತ್ತು ಬೆಚ್ಚಗಿರುತ್ತದೆ ಎಂಬುದು ನಿಜ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಿದ್ದೇನೆ, ಫಲ ಚೆನ್ನಾಗಿದೆ.

ಕಲ್ಲಿನ ಪಕ್ಕದಲ್ಲೇ, ಒಂದು ನೆಗೆತದಷ್ಟು ದೂರದಲ್ಲಿ, ಮೈ ಒತ್ತುವಷ್ಟು ಇಕ್ಕಟ್ಟಿನ ಪೊಟರೆ ಇರಬೇಕು. ಅದಿಲ್ಲದಿದ್ದರೆ ಎಂಥ ಬೆಳಕಿಗೂ ಉಡ ಧೈರ್ಯ ಮಾಡುವುದಿಲ್ಲ. ಜಾಲರಿಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುವುದು ಮೂರು ಕಡೆ ಅಡಿಕೆ ದಬ್ಬೆ ಕಟ್ಟಿ ಮರೆ ಮಾಡಿದ ಮೇಲೆ ನಿಂತಿತು. ನೆಲಕ್ಕೆ ಎರಡಡಿ ಮಣ್ಣು, ಅಡಿಯಲ್ಲಿ ಪಸೆ, ಮೇಲೆ ಒಣ ದರಕು (ಉದುರಿದ ಎಲೆ). ಅದರಲ್ಲಿ ಹುತ್ತದ ಮಣ್ಣಿನ ಪಾಲು ಎಷ್ಟು, ಯಾವಾಗ ನೀರು ಬಿಡುವುದು ಎಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಬೆಳಿಗ್ಗೆ ಮೊದಲು ಬಿಳಿ ಎಲ್‌ಇಡಿ ಪಟ್ಟಿ ಮತ್ತು ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಟ್ಯೂಬ್, ಅರ್ಧ ಗಂಟೆ ಬಿಟ್ಟು ಹ್ಯಾಲೊಜೆನ್. ಈ ಕ್ರಮದಲ್ಲಿ ಮೂತಿ ಬೇಗ ಹೊರಗೆ ಬರುತ್ತದೆ. ಯುವಿಬಿಗೆ ಐನೂರು ಆರುನೂರರ ಸುರುಳಿ ಬಲ್ಬ್ ಬೇಡ, ಬೆಳಕು ಒಂದು ಅಂಗೈಯಷ್ಟು ಜಾಗಕ್ಕೆ ಬೀಳುತ್ತದೆ. ಉದ್ದದ, ಸಪುರ ಟಿ5 ಟ್ಯೂಬಿಗೆ ಮೂರು ಸಾವಿರದಷ್ಟು ಬೀಳುತ್ತದೆ, ಅದೇ ಸರಿ. ಗಾಜಿನ ಹೊರಗೆ ಇಟ್ಟರೆ ಯುವಿಬಿ ಒಳಗೆ ಬರುವುದೇ ಇಲ್ಲ, ದಟ್ಟ ಜಾಲರಿಯೂ ಬಹಳಷ್ಟು ತಡೆಯುತ್ತದೆ. ಟ್ಯೂಬ್ ಚೆನ್ನಾಗಿ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ: ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುತ್ತದೆ, ಯುವಿಬಿ ಇಳಿದಿರುತ್ತದೆ.